ಸಮವಸ್ತ್ರ ಕಳಚಿದರೂ ಕಳಚದ ಹೊಣೆ

2024ರ ನವೆಂಬರ್ 21ರಂದು ಹೇಗ್‌ನ ಅಂತಾರಾಷ್ಟ್ರೀಯ ಅಪರಾಧ ನ್ಯಾಯಾಲಯವು ಇಸ್ರೇಲಿನ ಪ್ರಧಾನಿ ಬೆಂಜಮಿನ್ ನೆತನ್ಯಾಹು ಮತ್ತು ಮಾಜಿ ರಕ್ಷಣಾ ಸಚಿವ ಯೋವ್ ಗ್ಯಾಲಂಟ್ ವಿರುದ್ಧ ಬಂಧನ ವಾರಂಟ್ ಹೊರಡಿಸಿತು. ಗ್ಯಾಲಂಟ್ ಬರಿಯ ರಾಜಕಾರಣಿಯಲ್ಲ. ಇಸ್ರೇಲಿ ಸೇನೆಯ ದಕ್ಷಿಣ ವಿಭಾಗದ ದಂಡನಾಯಕನಾಗಿದ್ದು, ಬಳಿಕ ರಾಜಕೀಯಕ್ಕಿಳಿದು, ರಕ್ಷಣಾ ಸಚಿವನ ಕುರ್ಚಿಗೇರಿದವನು. ಆ ವಾರಂಟಿನ ಸುದ್ದಿಯನ್ನು ಓದಿದ ನಮ್ಮ ಯುವಕರಲ್ಲಿ ಅನೇಕರು ಅದನ್ನು ಹೊಸ ಕಾಲದ ಹೊಸ ಘಟನೆಯೆಂದು ಭಾವಿಸಿದರು. ವಾಸ್ತವದಲ್ಲಿ ಅದು ನಲ್ವತ್ತೆರಡು ವರ್ಷಗಳ ಹಳೆಯ ಬಾಕಿ. ಇದೇ ದಾರಿಯಲ್ಲಿ ಗ್ಯಾಲಂಟ್‌ಗಿಂತ ಮುಂಚೆ ನಡೆದುಹೋದ ಇನ್ನೊಬ್ಬ ದಂಡನಾಯಕನಿದ್ದ. ಆತನನ್ನು ಯಾವ ನ್ಯಾಯಾಲಯವೂ ಕಟಕಟೆಗೆ ಕರೆಯಲಿಲ್ಲ. ಆತನ ಹೆಸರು ಏರಿಯಲ್ ಶರೋನ್.

ಶರೋನ್‌ನ ಕಥೆಯನ್ನು ಇಂದು ಮತ್ತೆ ಹೇಳಬೇಕಾಗಿರುವುದು ದ್ವೇಷವನ್ನು ಕೆದಕುವುದಕ್ಕಾಗಿ ಅಲ್ಲ. ಒಂದು ಅಪರಾಧಕ್ಕೆ ಶಿಕ್ಷೆಯಾಗದೆ ಹೋದಾಗ ಅದು ಮುಂದಿನ ಅಪರಾಧಕ್ಕೆ ಹೇಗೆ ಅನುಮತಿಪತ್ರವಾಗುತ್ತದೆ ಎಂಬುದಕ್ಕೆ ಈ ಮನುಷ್ಯನ ಬದುಕಿಗಿಂತ ಸ್ಪಷ್ಟವಾದ ಪಾಠ ಸಿಗುವುದು ಕಷ್ಟ.

1928ರಲ್ಲಿ ಬ್ರಿಟಿಷರ ಆಡಳಿತದಲ್ಲಿದ್ದ ಫೆಲೆಸ್ತೀನಿನ ಕ್ಫಾರ್ ಮಲಾಲ್ ಎಂಬ ಯಹೂದಿ ವಸಾಹತಿನಲ್ಲಿ ಶರೋನ್ ಜನಿಸಿದ. ಹದಿಹರೆಯದಲ್ಲೇ ಹಗಾನಾ ಎಂಬ ಸಶಸ್ತ್ರ ಪಡೆಯನ್ನು ಸೇರಿದ. 1948ರ ಯುದ್ಧದಲ್ಲಿ ಲತ್ರೂನ್ ಎಂಬಲ್ಲಿ ತೀವ್ರವಾಗಿ ಗಾಯಗೊಂಡು ಬದುಕುಳಿದ. 1953ರಲ್ಲಿ ಗಡಿಯಾಚೆಗೆ ನುಗ್ಗಿ ಪ್ರತೀಕಾರದ ದಾಳಿ ನಡೆಸುವುದಕ್ಕೆಂದೇ ಇಸ್ರೇಲ್ ‘ಘಟಕ 101’ ಎಂಬ ಸಣ್ಣ ಪಡೆಯೊಂದನ್ನು ಕಟ್ಟಿತು. ಅದರ ನಾಯಕತ್ವ ಶರೋನ್‌ನದಾಗಿತ್ತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಯೆಹೂದ್ ಎಂಬ ಊರಿನಲ್ಲಿ ಗಡಿದಾಟಿ ಬಂದವರು ಎಸೆದ ಗ್ರೆನೇಡಿಗೆ ಓರ್ವ ಯಹೂದಿ ತಾಯಿ ಮತ್ತು ಆಕೆಯ ಇಬ್ಬರು ಮಕ್ಕಳು ಬಲಿಯಾದರು. ಅದೂ ಘೋರ ಕೃತ್ಯವೇ ಆಗಿತ್ತು. ಅದಕ್ಕೆ ಉತ್ತರವಾಗಿ ಶರೋನ್‌ನ ಪಡೆ ಅಕ್ಟೋಬರ್ 14ರ ರಾತ್ರಿ ಪಶ್ಚಿಮ ದಂಡೆಯ ಕಿಬ್ಯಾ ಎಂಬ ಗ್ರಾಮಕ್ಕೆ ನುಗ್ಗಿತು. ಮನೆಗಳಿಗೆ ಸ್ಫೋಟಕವಿಟ್ಟು ಉರುಳಿಸಿತು. 69 ಮಂದಿ ಹತರಾದರು. ಅವರಲ್ಲಿ ಹೆಚ್ಚಿನವರು ಮಹಿಳೆಯರು ಮತ್ತು ಮಕ್ಕಳು.

ಕಿಬ್ಯಾದ ನಂತರ ನಡೆದದ್ದೇನು? ಪ್ರಧಾನಿ ಬೆನ್ ಗುರಿಯನ್ ರೇಡಿಯೋದಲ್ಲಿ ಮಾತನಾಡಿ, ಇದನ್ನು ಮಾಡಿದ್ದು ಸೇನೆಯಲ್ಲ, ರೊಚ್ಚಿಗೆದ್ದ ಗಡಿ ನಿವಾಸಿಗಳು ಎಂದು ಹೇಳಿದರು. ಅದು ಸುಳ್ಳಾಗಿತ್ತು. ವಿಶ್ವಸಂಸ್ಥೆಯ ಭದ್ರತಾ ಮಂಡಳಿಯು ನವೆಂಬರ್‌ನಲ್ಲಿ ಕಟುವಾದ ಖಂಡನಾ ನಿರ್ಣಯವನ್ನು ಅಂಗೀಕರಿಸಿತು. ನಿರ್ಣಯದ ಸಂಖ್ಯೆಯೂ ಆಕಸ್ಮಿಕವಾಗಿ 101 ಆಗಿತ್ತು. ಆದರೆ ಶರೋನ್‌ನ ಭುಜದ ಮೇಲಿನ ಪಟ್ಟಿಗಳು ಕಡಿಮೆಯಾಗಲಿಲ್ಲ. ಸುಳ್ಳಿನ ನೆರಳಲ್ಲಿ ರಕ್ಷಣೆ, ಖಂಡನೆಯ ಜೊತೆಗೇ ಬಡ್ತಿ! ಇಪ್ಪತ್ತೈದರ ಹರೆಯದಲ್ಲಿ ಶರೋನ್ ಕಲಿತ ಈ ಪಾಠವನ್ನು ಕೊನೆಯವರೆಗೂ ಮರೆಯಲಿಲ್ಲ.

ಸೈನಿಕನಾಗಿ ಆತ ಅಸಮರ್ಥನಾಗಿರಲಿಲ್ಲ. 1967ರಲ್ಲಿ ಸಿನಾಯಿಯ ಅಬೂ ಅಗೇಲಾದಲ್ಲಿ, 1973ರಲ್ಲಿ ಸೂಯೆಜ್ ಕಾಲುವೆಯನ್ನು ದಾಟಿದ ಕಾರ್ಯಾಚರಣೆಯಲ್ಲಿ ಆತ ತೋರಿದ ಯುದ್ಧ ಚಾತುರ್ಯವನ್ನು ಸೈನಿಕ ಶಾಲೆಗಳು ಅಧ್ಯಯನ ಮಾಡಿವೆ. ಅದನ್ನು ಅಲ್ಲಗಳೆಯುವುದರಲ್ಲಿ ಅರ್ಥವಿಲ್ಲ. ಆದರೆ ಮೇಲಿನವರ ಆಜ್ಞೆಯನ್ನು ತನಗೆ ಬೇಕಾದಂತೆ ಹಿಗ್ಗಿಸಿಕೊಳ್ಳುವುದು ಆತನ ಸ್ವಭಾವವಾಗಿತ್ತು. 1956ರಲ್ಲಿ ಮಿತ್ಲಾ ಕಣಿವೆಗೆ ಆಜ್ಞೆ ಮೀರಿ ನುಗ್ಗಿದ್ದರಿಂದ ಆತನದೇ 38 ಸೈನಿಕರು ಪ್ರಾಣ ತೆತ್ತರು. 1971ರಲ್ಲಿ ಗಾಝಾದ ನಿರಾಶ್ರಿತ ಶಿಬಿರಗಳಲ್ಲಿ ಸೇನಾ ವಾಹನಗಳಿಗೆ ಅಗಲವಾದ ದಾರಿ ಮಾಡಲೆಂದು ಬುಲ್ಡೋಜರುಗಳನ್ನು ಹರಿಸಿದ. 1948ರಲ್ಲಿ ಒಮ್ಮೆ ಮನೆ ಕಳೆದುಕೊಂಡಿದ್ದ ಸಾವಿರಾರು ಜನರು ಎರಡನೆಯ ಬಾರಿ ಬೀದಿಗೆ ಬಿದ್ದರು. 1977ರಲ್ಲಿ ಕೃಷಿ ಸಚಿವನಾದ ಬಳಿಕ ಪಶ್ಚಿಮ ದಂಡೆಯ ಬೆಟ್ಟಗಳ ಮೇಲೆ ಯಹೂದಿ ವಸಾಹತುಗಳನ್ನು ನೆಡುವುದೇ ಆತನ ಕೃಷಿಯಾಯಿತು.

ಆತನನ್ನು ರಕ್ಷಣಾ ಸಚಿವನಾಗಿ ಮಾಡಲು ಪ್ರಧಾನಿ ಮೆನಾಖೆಮ್ ಬೇಗಿನ್‌ಗೇ ಅಳುಕಿತ್ತು. ಈತನನ್ನು ಆ ಹುದ್ದೆಯಲ್ಲಿ ಕೂರಿಸಿದರೆ ಪ್ರಧಾನಿಯ ಕಚೇರಿಯನ್ನೇ ಟ್ಯಾಂಕುಗಳಿಂದ ಸುತ್ತುವರಿಯಬಹುದು ಎಂದು ಬೇಗಿನ್ ಹಾಸ್ಯ ಮಾಡಿದ್ದು ಇಸ್ರೇಲಿನಲ್ಲಿ ಮನೆಮಾತಾಗಿತ್ತು. ಆದರೂ 1981ರ ಆಗಸ್ಟ್‌ನಲ್ಲಿ ಶರೋನ್ ರಕ್ಷಣಾ ಸಚಿವನಾದ.

ಇಲ್ಲಿ ನಾವು ಒಂದು ಕ್ಷಣ ನಿಲ್ಲಬೇಕು. ರಕ್ಷಣಾ ಸಚಿವನೆಂಬ ಹುದ್ದೆ ಇರುವುದು ಯಾತಕ್ಕೆ? ಸೇನೆಗೆ ಶಸ್ತ್ರ ಒದಗಿಸುವುದಕ್ಕೆ ಮಾತ್ರವಲ್ಲ. ದಾಳಿಗೆ ಎಲ್ಲವೂ ಸಿದ್ಧವೆಂದು ದಂಡನಾಯಕನು ಬಂದು ನಿಂತಾಗ, ಇದು ಅಗತ್ಯವೇ, ಇದರ ಬೆಲೆ ತೆರುವವರು ಯಾರು ಎಂದು ಕೇಳಿ, ಬೇಡ ಎನ್ನಬಲ್ಲ ನಾಗರಿಕನೊಬ್ಬ ಅಲ್ಲಿರಬೇಕು. ಅಮೇರಿಕದಂತಹ ಯುದ್ಧಪ್ರಿಯ ದೇಶದ ಕಾನೂನು ಕೂಡಾ, ಸೇನೆಯಿಂದ ನಿವೃತ್ತನಾದ ಅಧಿಕಾರಿ ನಿಗದಿತ ವರ್ಷಗಳು ಕಳೆಯದೆ ರಕ್ಷಣಾ ಕಾರ್ಯದರ್ಶಿಯಾಗಕೂಡದು ಎನ್ನುತ್ತದೆ. 1950ರಲ್ಲಿ ಜಾರ್ಜ್ ಮಾರ್ಷಲ್, 2017ರಲ್ಲಿ ಜೇಮ್ಸ್ ಮ್ಯಾಟಿಸ್, 2021ರಲ್ಲಿ ಲಾಯ್ಡ್ ಆಸ್ಟಿನ್ ಅವರಿಗಾಗಿ ಆ ನಿಯಮಕ್ಕೆ ವಿನಾಯಿತಿ ನೀಡಬೇಕಾಯಿತು. ನಿಯಮದ ಹಿಂದಿನ ತರ್ಕ ಸರಳವಾದುದು. ಆಜ್ಞೆ ಬೇಡುವವನೂ ಆಜ್ಞೆ ನೀಡುವವನೂ ಒಬ್ಬನೇ ಆದರೆ ತಡೆಯುವವರು ಉಳಿಯುವುದಿಲ್ಲ.

ಇಸ್ರೇಲಿನಲ್ಲಿ ಉಳಿಯಲಿಲ್ಲ. 1982ರ ಜೂನ್ 3ರಂದು ಲಂಡನ್ನಿನಲ್ಲಿ ಇಸ್ರೇಲಿ ರಾಯಭಾರಿಯ ಮೇಲೆ ಗುಂಡು ಹಾರಿತು. ಹಾರಿಸಿದ್ದು ಅಬೂ ನಿದಾಲ್ ಗುಂಪು. ಅದು ಯಾಸಿರ್ ಅರಫಾತ್‌ರ ಪಿ.ಎಲ್.ಓ.ದ ಕಡುವೈರಿಯಾಗಿತ್ತು. ಆದರೆ ಜೂನ್ 6ರಂದು ಇಸ್ರೇಲಿ ಸೇನೆ ಲೆಬನಾನಿಗೆ ನುಗ್ಗಿದ್ದು ಪಿ.ಎಲ್.ಓ.ವನ್ನು ಅಳಿಸುವ ಹೆಸರಿನಲ್ಲಿ. ಗಡಿಯಿಂದ 40 ಕಿಲೋಮೀಟರ್ ಮಾತ್ರವೆಂದು ಜಗತ್ತಿಗೆ ಹೇಳಿ ಹೊರಟ ಸೇನೆ ಕೆಲವೇ ದಿನಗಳಲ್ಲಿ ಬೈರೂತಿನ ಹೊಸ್ತಿಲಲ್ಲಿತ್ತು. ನಗರಕ್ಕೆ ನೀರು, ವಿದ್ಯುತ್ತು ಕಡಿತಗೊಂಡವು. ಬಾಂಬ್ ದಾಳಿ ಎಷ್ಟು ಮಿತಿಮೀರಿತೆಂದರೆ ಆಗಸ್ಟ್ 12ರಂದು ಸ್ವತಃ ಅಮೇರಿಕದ ಅಧ್ಯಕ್ಷ ರೇಗನ್ ದೂರವಾಣಿಯಲ್ಲಿ ಬೇಗಿನ್‌ಗೆ ಪ್ರತಿಭಟನೆ ತಿಳಿಸಿದರು. ಇಸ್ರೇಲಿ ಸಚಿವ ಸಂಪುಟವೇ ತನ್ನ ರಕ್ಷಣಾ ಸಚಿವನ ಕೆಲವು ಅಧಿಕಾರಗಳನ್ನು ಹಿಂತೆಗೆದುಕೊಳ್ಳಬೇಕಾಯಿತು.

ಆಗಸ್ಟ್ ಅಂತ್ಯಕ್ಕೆ ಪಿ.ಎಲ್.ಓ. ಯೋಧರು ಅಂತಾರಾಷ್ಟ್ರೀಯ ಒಪ್ಪಂದದಂತೆ ಬೈರೂತನ್ನು ತೊರೆದರು. ಹಿಂದೆ ಉಳಿದ ಕುಟುಂಬಗಳ ಸುರಕ್ಷತೆಗೆ ಅಮೇರಿಕ ಭರವಸೆ ನೀಡಿತ್ತು. ಸೆಪ್ಟೆಂಬರ್ 14ರಂದು ಲೆಬನಾನಿನ ನಿಯೋಜಿತ ಅಧ್ಯಕ್ಷ, ಫಲಾಂಜಿಸ್ಟ್ ಪಡೆಯ ನಾಯಕ ಬಶೀರ್ ಜಮಾಯೆಲ್ ಬಾಂಬ್ ಸ್ಫೋಟದಲ್ಲಿ ಹತನಾದ. ಮರುದಿನ ಇಸ್ರೇಲಿ ಸೇನೆ ಪಶ್ಚಿಮ ಬೈರೂತನ್ನು ವಶಪಡಿಸಿಕೊಂಡಿತು. ಸಬ್ರಾ ಮತ್ತು ಶತೀಲಾ ಶಿಬಿರಗಳು ಸುತ್ತುವರಿಯಲ್ಪಟ್ಟವು. ಸೆಪ್ಟೆಂಬರ್ 16ರ ಸಂಜೆ, ನಾಯಕನನ್ನು ಕಳೆದುಕೊಂಡು ಸೇಡಿನಿಂದ ಕುದಿಯುತ್ತಿದ್ದ ಫಲಾಂಜಿಸ್ಟರನ್ನು ಆ ಶಿಬಿರಗಳೊಳಗೆ ಬಿಡಲಾಯಿತು. ಇಸ್ರೇಲಿ ಸೇನೆ ಆಕಾಶಕ್ಕೆ ಬೆಳಕಿನ ಗುಂಡುಗಳನ್ನು ಹಾರಿಸಿ ರಾತ್ರಿಯನ್ನು ಬೆಳಗಿಸಿತು. 18ರ ಬೆಳಗಿನವರೆಗೆ ಕೊಲೆ ನಡೆಯಿತು. ಇಸ್ರೇಲಿನ ಲೆಕ್ಕದಂತೆ ಸತ್ತವರು 700ರಿಂದ 800. ಇತರ ಲೆಕ್ಕಗಳು 3,500ರವರೆಗೆ ಹೋಗುತ್ತವೆ. ನಿರಾಯುಧ ವೃದ್ಧರು, ಸ್ತ್ರೀಯರು, ಮಕ್ಕಳು. ಆ ವರ್ಷದ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಇದನ್ನು ಜನಾಂಗ ಹತ್ಯೆಯ ಕೃತ್ಯವೆಂದು ಕರೆಯಿತು.

ಇಸ್ರೇಲಿನ ಒಳಗೆ ಎದ್ದ ಪ್ರತಿಭಟನೆಯನ್ನು ನಾವು ಮರೆಮಾಚಬಾರದು. ಟೆಲ್ ಅವೀವ್‌ನಲ್ಲಿ ಅಪಾರ ಜನಸ್ತೋಮ ಬೀದಿಗಿಳಿದು ವಿಚಾರಣೆಗೆ ಆಗ್ರಹಿಸಿತು. ಆ ಒತ್ತಡದಿಂದಲೇ ನ್ಯಾಯಮೂರ್ತಿ ಯಿತ್ಸಾಕ್ ಕಹಾನ್ ಆಯೋಗ ರಚನೆಯಾಯಿತು. 1983ರ ಫೆಬ್ರವರಿಯಲ್ಲಿ ಆಯೋಗ ವರದಿ ನೀಡಿತು. ಕೊಂದವರು ಫಲಾಂಜಿಸ್ಟರು, ಆದ್ದರಿಂದ ನೇರ ಹೊಣೆ ಅವರದು. ಇಸ್ರೇಲಿನದು ಪರೋಕ್ಷ ಹೊಣೆ. ಸೇಡಿನ ಅಪಾಯವನ್ನು ಕಡೆಗಣಿಸಿದ್ದಕ್ಕೆ ರಕ್ಷಣಾ ಸಚಿವ ಶರೋನ್ ವೈಯಕ್ತಿಕವಾಗಿ ಹೊಣೆಗಾರ, ಆತ ಹುದ್ದೆ ಬಿಡಬೇಕು ಎಂಬುದು ಅದರ ಸಾರ. ವರದಿಯನ್ನು ಜಾರಿಗೊಳಿಸಬೇಕೆಂದು ಮೆರವಣಿಗೆ ಹೊರಟ ಶಾಂತಿಪ್ರಿಯರ ಮೇಲೆ ಜೆರುಸಲೇಮಿನಲ್ಲಿ ಗ್ರೆನೇಡ್ ಎಸೆಯಲಾಯಿತು. ಎಮಿಲ್ ಗ್ರುನ್ಸ್‌ವೈಗ್ ಎಂಬ ಯಹೂದಿ ತರುಣ ಅದರಲ್ಲಿ ಪ್ರಾಣ ಕಳೆದುಕೊಂಡ. ಶತೀಲಾದ ಮುಸ್ಲಿಮ್ ಮಕ್ಕಳಿಗೆ ನ್ಯಾಯ ಕೇಳಿ ಮಡಿದ ಆ ಯಹೂದಿಯ ಹೆಸರೂ ನಮ್ಮ ಮಕ್ಕಳಿಗೆ ಗೊತ್ತಿರಬೇಕು.

ಮತ್ತೆ ಶರೋನ್‌ಗೆ ಆದದ್ದೇನು? ರಕ್ಷಣಾ ಖಾತೆ ಹೋಯಿತು. ಆದರೆ ಸಂಪುಟದಿಂದ ಆತ ಹೊರಹೋಗಲಿಲ್ಲ, ಖಾತೆಯಿಲ್ಲದ ಸಚಿವನಾಗಿ ಅಲ್ಲೇ ಉಳಿದ! ಒಂದು ಕುರ್ಚಿಯಿಂದ ಎದ್ದು ಇನ್ನೊಂದರಲ್ಲಿ ಕುಳಿತದ್ದೇ ಸಬ್ರಾ ಶತೀಲಾಕ್ಕೆ ದೊರೆತ ಶಿಕ್ಷೆ. ಬಳಿಕ ಕೈಗಾರಿಕಾ ಸಚಿವ, ವಸತಿ ಸಚಿವ, ವಿದೇಶಾಂಗ ಸಚಿವ, ಲಿಕುಡ್ ಪಕ್ಷದ ಅಧ್ಯಕ್ಷ. 2000ದ ಸೆಪ್ಟೆಂಬರ್ 28ರಂದು ಭಾರೀ ಪೊಲೀಸ್ ಬಲದೊಂದಿಗೆ ಮಸ್ಜಿದುಲ್ ಅಕ್ಸಾದ ಆವರಣಕ್ಕೆ ಕಾಲಿಟ್ಟು ಎರಡನೆಯ ಇಂತಿಫಾದಾದ ಕಿಡಿ ಹೊತ್ತಿಸಿದ. 2001ರ ಫೆಬ್ರವರಿಯಲ್ಲಿ ಪ್ರಧಾನಿಯಾಗಿ ಚುನಾಯಿತನಾದ. ಆ ಫೆಬ್ರವರಿಯಿಂದ ಈ ಫೆಬ್ರವರಿಗೆ ಹದಿನೆಂಟು ವರ್ಷ. ರಕ್ಷಣಾ ಸಚಿವನಾಗಲು ಅನರ್ಹನೆಂದು ತನ್ನದೇ ದೇಶದ ನ್ಯಾಯಮೂರ್ತಿಗಳು ಹೇಳಿದವನು ಆ ರಕ್ಷಣಾ ಸಚಿವನಿಗೂ ಮೇಲಿನವನಾದ.

ಮುಂದಿನದನ್ನು ನಮ್ಮ ಓದುಗರು ಬಲ್ಲರು. 2002ರ ಏಪ್ರಿಲ್‌ನಲ್ಲಿ ಜೆನಿನ್ ಶಿಬಿರದ ಒಂದು ಭಾಗ ಬುಲ್ಡೋಜರುಗಳಡಿ ನೆಲಸಮವಾಯಿತು. ಅದೇ ತಿಂಗಳಲ್ಲಿ ಅಮೇರಿಕದ ಅಧ್ಯಕ್ಷ ಬುಷ್ ಶರೋನ್‌ನನ್ನು ಶಾಂತಿಯ ಮನುಷ್ಯನೆಂದು ಹೊಗಳಿದ. 2004ರ ಮಾರ್ಚ್ 22ರಂದು ಫಜ್ರ್ ನಮಾಝ್ ಮುಗಿಸಿ ಗಾಲಿಕುರ್ಚಿಯಲ್ಲಿ ಹೊರಬರುತ್ತಿದ್ದ ಶೈಖ್ ಅಹ್ಮದ್ ಯಾಸೀನ್‌ರನ್ನು ಕ್ಷಿಪಣಿಯಿಂದ ಕೊಲ್ಲಲಾಯಿತು. ಪಶ್ಚಿಮ ದಂಡೆಯೊಳಗೆ ಎಬ್ಬಿಸಿದ ಗೋಡೆ ಅಕ್ರಮವೆಂದು ಆ ವರ್ಷದ ಜುಲೈಯಲ್ಲಿ ಅಂತಾರಾಷ್ಟ್ರೀಯ ನ್ಯಾಯಾಲಯ ಅಭಿಪ್ರಾಯಪಟ್ಟಿತು. 2005ರಲ್ಲಿ ಗಾಝಾದಿಂದ ವಸಾಹತುಗಳನ್ನು ತೆರವುಗೊಳಿಸಿದಾಗ ಹಲವರು ಶರೋನ್ ಬದಲಾದನೆಂದರು. ಆದರೆ ಈ ತೆರವಿನ ಉದ್ದೇಶ ಫೆಲೆಸ್ತೀನ್ ರಾಷ್ಟ್ರದ ಮಾತುಕತೆಯನ್ನು ಹೆಪ್ಪುಗಟ್ಟಿಸುವುದೇ ಎಂದು ಆತನ ಆಪ್ತ ಸಲಹೆಗಾರ ದೋವ್ ವೈಸ್‌ಗ್ಲಾಸ್ 2004ರಲ್ಲೇ ಪತ್ರಿಕೆಯೊಂದಕ್ಕೆ ಬಾಯಿಬಿಟ್ಟಿದ್ದ.

ನಮ್ಮ ದೇಶಕ್ಕೂ ಈ ಕಥೆಯಲ್ಲಿ ಒಂದು ಪುಟವಿದೆ. 1974ರಲ್ಲಿ ಪಿ.ಎಲ್.ಓ.ಗೆ ಮನ್ನಣೆ ನೀಡಿದ, 1988ರಲ್ಲಿ ಫೆಲೆಸ್ತೀನ್ ರಾಷ್ಟ್ರವನ್ನು ಅಂಗೀಕರಿಸಿದ ಭಾರತವು 2003ರ ಸೆಪ್ಟೆಂಬರ್‌ನಲ್ಲಿ ಶರೋನ್‌ಗೆ ದೆಹಲಿಯಲ್ಲಿ ಸ್ವಾಗತ ಕೋರಿತು. ಭಾರತಕ್ಕೆ ಭೇಟಿ ನೀಡಿದ ಇಸ್ರೇಲಿನ ಮೊದಲ ಪ್ರಧಾನಿ ಶರೋನ್. ಎಡಪಕ್ಷಗಳೂ ಮುಸ್ಲಿಮ್ ಸಂಘಟನೆಗಳೂ ಪ್ರತಿಭಟಿಸಿದವು. ವಾಜಪೇಯಿ ಸರಕಾರಕ್ಕೆ ಅದು ಕೇಳಿಸಲಿಲ್ಲ. ಅದೇ ಸೆಪ್ಟೆಂಬರ್ ತಿಂಗಳಲ್ಲಿ ಇನ್ನೊಂದು ಘಟನೆ ನಡೆಯಿತು. ಸಬ್ರಾ ಶತೀಲಾದಲ್ಲಿ ಬದುಕುಳಿದವರು 2001ರಲ್ಲಿ ಬೆಲ್ಜಿಯಮಿನ ನ್ಯಾಯಾಲಯದ ಬಾಗಿಲು ತಟ್ಟಿದ್ದರು. ಶರೋನ್ ಅಧಿಕಾರದಿಂದ ಇಳಿದ ಮೇಲೆ ವಿಚಾರಣೆ ನಡೆಯಬಹುದೆಂದು ಅಲ್ಲಿನ ಉನ್ನತ ನ್ಯಾಯಾಲಯ ಹೇಳಿಯೂ ಇತ್ತು. ಅಮೇರಿಕ ಕಣ್ಣು ಕೆಂಪಾಗಿಸಿತು. ನ್ಯಾಟೋದ ಕೇಂದ್ರ ಕಚೇರಿಯನ್ನೇ ಬ್ರಸೆಲ್ಸಿನಿಂದ ಎತ್ತಂಗಡಿ ಮಾಡುವ ಬೆದರಿಕೆ ಕೇಳಿಬಂತು. ಬೆಲ್ಜಿಯಮ್ ತನ್ನ ಕಾನೂನನ್ನೇ ತಿದ್ದಿತು. ಮೊಕದ್ದಮೆ ವಜಾಗೊಂಡಿತು. ಒಂದೆಡೆ ಸ್ವಾಗತದ ಹಾರ, ಇನ್ನೊಂದೆಡೆ ಮುಚ್ಚಿದ ನ್ಯಾಯದ ಬಾಗಿಲು. ಎರಡೂ ಒಂದೇ ತಿಂಗಳಲ್ಲಿ.

2006ರ ಜನವರಿ 4ರಂದು ಮೆದುಳಿನ ಆಘಾತಕ್ಕೊಳಗಾದ ಶರೋನ್ ಎಂಟು ವರ್ಷ ಪ್ರಜ್ಞೆಯಿಲ್ಲದೆ ಮಲಗಿ, 2014ರ ಜನವರಿ 11ರಂದು ಕೊನೆಯುಸಿರೆಳೆದ. ಆ ಹಾಸಿಗೆಯನ್ನು ದೈವಿಕ ಶಿಕ್ಷೆಯೆಂದು ಬಣ್ಣಿಸಿ ಸಂಭ್ರಮಿಸಿದವರಿದ್ದರು. ರೋಗ ಯಾರಿಗೆ ಬೇಕಾದರೂ ಬರುತ್ತದೆ, ಸಜ್ಜನರಿಗೂ ಬರುತ್ತದೆ. ಅಲ್ಲಾಹನ ತೀರ್ಪನ್ನು ಆಸ್ಪತ್ರೆಯ ಹಾಸಿಗೆಯಲ್ಲಿ ಓದುವ ಅಧಿಕಾರ ನಮಗಿಲ್ಲ. ಅದಕ್ಕಿಂತ ಮುಖ್ಯವಾಗಿ, ಇಂತಹ ಸಮಾಧಾನವು ಭೂಮಿಯ ಮೇಲೆ ನ್ಯಾಯ ಕೇಳುವ ಹೊಣೆಯಿಂದ ನಮ್ಮನ್ನು ಬಿಡುಗಡೆಗೊಳಿಸುವ ಅಪಾಯವಿದೆ.

ಇನ್ನು ಕಹಿಯಾದ ಮಾತೊಂದನ್ನು ಹೇಳಬೇಕಾಗಿದೆ. ಶತೀಲಾದ ರಕ್ತ ಹರಿದ 1982ರಲ್ಲೇ, ಅದಕ್ಕೂ ಏಳು ತಿಂಗಳ ಮುಂಚೆ, ಸಿರಿಯಾದ ಹಮಾ ನಗರದಲ್ಲಿ ರಕ್ತ ಹರಿದಿತ್ತು. ಹರಿಸಿದವನು ಹಾಫಿಝ್ ಅಸದ್. ಆತನೂ ವಾಯುಸೇನೆಯ ಮುಖ್ಯಸ್ಥನಾಗಿದ್ದು, 1966ರಲ್ಲಿ ರಕ್ಷಣಾ ಸಚಿವನಾಗಿ, 1970ರಲ್ಲಿ ಅಧಿಕಾರ ಕಸಿದುಕೊಂಡವನು. ಹಮಾದಲ್ಲಿ ಸತ್ತವರ ಅಂದಾಜು 10,000ದಿಂದ 40,000ದವರೆಗೆ ಇದೆ. ಕೊಂದವರೂ ಸತ್ತವರೂ ಅರಬರೇ. 1985ರ ಮೇ ತಿಂಗಳಲ್ಲಿ ಇದೇ ಶತೀಲಾ ಶಿಬಿರವನ್ನು ಸಿರಿಯಾದ ಬೆಂಬಲದಿಂದ ಸುತ್ತುವರಿದು ಹಸಿವಿಗೆ ದೂಡಿದವರು ಲೆಬನಾನಿನ ಅಮಲ್ ಪಡೆಯವರು, ಯಹೂದಿಗಳಲ್ಲ. ಈಜಿಪ್ಟಿನಲ್ಲಿ 2012ರಲ್ಲಿ ಅಧ್ಯಕ್ಷ ಮುಹಮ್ಮದ್ ಮುರ್ಸಿಯವರು ರಕ್ಷಣಾ ಸಚಿವನಾಗಿ ನೇಮಿಸಿದ ಜನರಲ್ ಅಬ್ದುಲ್ ಫತ್ತಾಹ್ ಸೀಸಿ 2013ರ ಜುಲೈಯಲ್ಲಿ ಅವರನ್ನೇ ಪದಚ್ಯುತಗೊಳಿಸಿದ. ಆಗಸ್ಟ್ 14ರಂದು ರಾಬಿಆ ಚೌಕದಲ್ಲಿ ಒಂದೇ ದಿನ ಕನಿಷ್ಠ 817 ಮಂದಿ ಹತರಾದರೆಂದು ಹ್ಯೂಮನ್ ರೈಟ್ಸ್ ವಾಚ್ ದಾಖಲಿಸಿದೆ. ಟೆಲ್ ಅವೀವ್‌ನಲ್ಲಿ ಕಹಾನ್ ಆಯೋಗಕ್ಕಾಗಿ ಜನಸ್ತೋಮ ಬೀದಿಗಿಳಿಯಿತು. ಹಮಾಕ್ಕಾಗಿ ದಮಾಸ್ಕಸ್‌ನಲ್ಲಿ ಆಯೋಗವೊಂದನ್ನು ಕೇಳುವ ಧೈರ್ಯ ಯಾರಿಗಿತ್ತು? ನಮ್ಮ ಸಭೆಗಳಲ್ಲಿ, ಜುಮಾ ಪ್ರವಚನಗಳಲ್ಲಿ ಸಬ್ರಾ ಶತೀಲಾದ ಹೆಸರು ಎಷ್ಟು ಬಾರಿ ಕೇಳಿದ್ದೇವೆ, ಹಮಾದ ಹೆಸರು ಎಷ್ಟು ಬಾರಿ ಕೇಳಿದ್ದೇವೆ?

ಇದು ಶರೋನ್‌ನ ಪಾಪವನ್ನು ಹಗುರಗೊಳಿಸುವ ಮಾತಲ್ಲ. ಕೊಲೆಯನ್ನು ಕೊಲೆಗಾರನ ಧ್ವಜ ನೋಡಿ ತೂಗುವವನ ತಕ್ಕಡಿಯನ್ನು ಯಾರೂ ನಂಬುವುದಿಲ್ಲ ಎಂಬ ಮಾತು. ಒಂದು ಜನಾಂಗದ ಮೇಲಿನ ಹಗೆತನವು ನಿಮ್ಮನ್ನು ನ್ಯಾಯದಿಂದ ದೂರ ಸರಿಸದಿರಲಿ ಎಂಬ ಆಶಯವನ್ನು ಕುರ್‌ಆನ್ ನಮ್ಮ ಮುಂದಿಟ್ಟಿದೆ. ಸ್ವಂತ ಜನರ ಮೇಲಿನ ಮಮತೆಗೂ ಅದು ಅನ್ವಯಿಸುತ್ತದೆ.

ಮಕ್ಕಾ ವಿಜಯದ ಬಳಿಕ ಬನೂ ಜದೀಮಾ ಗೋತ್ರದ ಕಡೆಗೆ ಕಳುಹಿಸಲಾಗಿದ್ದ ಖಾಲಿದ್ ಬಿನ್ ವಲೀದ್(ರ)ರಿಂದ ಅವಸರದಲ್ಲಿ ಕೊಲ್ಲಬಾರದವರ ಕೊಲೆಯಾಯಿತು. ಸುದ್ದಿ ತಲುಪಿದಾಗ ಪ್ರವಾದಿ ಮುಹಮ್ಮದ್(ಸ)ರು ಏನು ಮಾಡಿದರು? ಗಡಿ ನಿವಾಸಿಗಳು ಮಾಡಿದ್ದೆಂದು ಹೇಳಲಿಲ್ಲ. ಹೊಣೆಯನ್ನು ನೇರವೆಂದೂ ಪರೋಕ್ಷವೆಂದೂ ಸೀಳಲಿಲ್ಲ. ಕೈಗಳನ್ನೆತ್ತಿ, ಖಾಲಿದ್ ಎಸಗಿದ ಕೃತ್ಯದಿಂದ ತಾವು ಮುಕ್ತರೆಂದು ಅಲ್ಲಾಹನ ಮುಂದೆ ಘೋಷಿಸಿದರು. ಅಲಿ(ರ)ರನ್ನು ಕಳುಹಿಸಿ ಪ್ರತಿಯೊಂದು ಜೀವಕ್ಕೂ ರಕ್ತ ಪರಿಹಾರ ತೆತ್ತರು. ಮುಂದೆ ಖಲೀಫಾ ಉಮರ್(ರ)ರು ಅದೇ ಮಹಾನ್ ದಂಡನಾಯಕನನ್ನು ವಿಜಯಗಳ ಶಿಖರದಲ್ಲಿದ್ದಾಗಲೇ ಪದವಿಯಿಂದ ಕೆಳಗಿಳಿಸಿದರು. ಖಾಲಿದ್(ರ)ರು ಬಂಡೇಳದೆ ಸಾಮಾನ್ಯ ಯೋಧನಾಗಿ ಮುಂದುವರಿದರು. ಇರಾಕಿನ ದಾರಿಯಲ್ಲಿ ಮೂಕಪ್ರಾಣಿಯೊಂದು ಎಡವಿದರೂ ದಾರಿಯನ್ನೇಕೆ ಸಮತಟ್ಟು ಮಾಡಲಿಲ್ಲವೆಂದು ತನ್ನನ್ನು ಕೇಳಲಾದೀತೆಂದು ನಡುಗಿದವರು ಉಮರ್(ರ). ನಮ್ಮ ಪರಂಪರೆಯಲ್ಲಿ ಅಧಿಕಾರವು ಅಮಾನತ್ತು. ಅಲ್ಲಿ ಪರೋಕ್ಷ ಹೊಣೆಯೆಂಬುದು ತಪ್ಪಿಸಿಕೊಳ್ಳುವ ಹಿಂಬಾಗಿಲಲ್ಲ, ಅಧಿಕಾರದ ಮೊದಲ ಮೆಟ್ಟಿಲೇ ಅದು.

ಈಗ ಗ್ಯಾಲಂಟ್‌ನತ್ತ ಮರಳೋಣ. 2008-09ರಲ್ಲಿ ಗಾಝಾದ ಮೇಲೆ ನಡೆದ ದಾಳಿಯಲ್ಲಿ ಸುಮಾರು 1,400 ಫೆಲೆಸ್ತೀನಿಯರು ಹತರಾದಾಗ ದಕ್ಷಿಣ ವಿಭಾಗದ ದಂಡನಾಯಕ ಆತನೇ. ಅದಕ್ಕಾಗಿ ಯಾರೂ ಆತನನ್ನು ಶಿಕ್ಷಿಸಲಿಲ್ಲ. 2022ರ ಡಿಸೆಂಬರ್‌ನಲ್ಲಿ ರಕ್ಷಣಾ ಸಚಿವನಾದ. 2023ರ ಅಕ್ಟೋಬರ್ 7ರಂದು ಹಮಾಸ್ ದಾಳಿ ನಡೆದ ಎರಡು ದಿನಗಳಲ್ಲಿ ಗಾಝಾಕ್ಕೆ ವಿದ್ಯುತ್ತಿಲ್ಲ, ಆಹಾರವಿಲ್ಲ, ಇಂಧನವಿಲ್ಲ ಎಂದು ಸಂಪೂರ್ಣ ದಿಗ್ಬಂಧನ ಸಾರಿದ. 1982ರಲ್ಲಿ ಬೈರೂತಿಗೆ ಮಾಡಿದ್ದನ್ನೇ ಅದಕ್ಕಿಂತ ಎಷ್ಟೋ ಪಾಲು ಕ್ರೂರವಾಗಿ ಗಾಝಾಕ್ಕೆ ಮಾಡಲಾಯಿತು. ಗಾಝಾದ ಆರೋಗ್ಯ ಇಲಾಖೆಯ ಲೆಕ್ಕದಂತೆ 2025ರ ಕೊನೆಯ ವೇಳೆಗೆ ಸತ್ತವರ ಸಂಖ್ಯೆ 70,000 ದಾಟಿತ್ತು. ಹಸಿವನ್ನು ಯುದ್ಧದ ಆಯುಧವಾಗಿ ಬಳಸಿದ ಆರೋಪ ಹೇಗ್‌ನ ವಾರಂಟಿನಲ್ಲಿದೆ. ಅದೇ ದಿನ ಹಮಾಸ್‌ನ ಮುಹಮ್ಮದ್ ದೈಫ್ ವಿರುದ್ಧವೂ ಆ ನ್ಯಾಯಾಲಯ ವಾರಂಟ್ ಹೊರಡಿಸಿತ್ತು ಎಂಬುದನ್ನೂ ನಾವು ಮರೆಮಾಚುವುದಿಲ್ಲ. 2003ರಲ್ಲಿ ಬೆಲ್ಜಿಯಮನ್ನು ಬೆದರಿಸಿದ ಅಮೇರಿಕ 2025ರಲ್ಲಿ ಹೇಗ್‌ನ ಅಭಿಯೋಜಕ ಮತ್ತು ನ್ಯಾಯಾಧೀಶರ ಮೇಲೆಯೇ ದಿಗ್ಬಂಧನ ವಿಧಿಸಿತು. ಹಳೆಯ ನಾಟಕ, ಹೊಸ ಪಾತ್ರಧಾರಿಗಳು.

ಆದರೂ ಒಂದು ವ್ಯತ್ಯಾಸವಿದೆ. ಶರೋನ್‌ನ ಹೆಸರಿನಲ್ಲಿ ಅಂಥ ವಾರಂಟ್ ಎಂದೂ ಹೊರಡಲಿಲ್ಲ. ಗ್ಯಾಲಂಟ್‌ನ ಹೆಸರಿನಲ್ಲಿ ಹೊರಟಿದೆ. ಇದು ತಾನಾಗಿ ಆದದ್ದಲ್ಲ. ಶತೀಲಾದ ವಿಧವೆಯರು ಬ್ರಸೆಲ್ಸಿನವರೆಗೂ ಹೋಗಿ ಸೋತರೂ ಕೇಳುವುದನ್ನು ನಿಲ್ಲಿಸದವರು ಇದ್ದುದರಿಂದ, ಸಾಕ್ಷ್ಯಗಳನ್ನು ಜೋಪಾನವಾಗಿ ಕೂಡಿಟ್ಟವರಿದ್ದುದರಿಂದ ಇಷ್ಟು ಸಾಧ್ಯವಾಯಿತು. ನಮ್ಮ ಪಟ್ಟಣಗಳ ಮನೆಗಳಿಂದ ಹೇಗ್ ದೂರವಿದೆ. ಆದರೆ ಸತ್ಯವನ್ನು ದಿನಾಂಕ ಸಹಿತ ತಿಳಿದಿರುವುದು, ವದಂತಿಗಳನ್ನು ಹಂಚದಿರುವುದು, ಯಹೂದಿ ಎಂಬ ಕಾರಣಕ್ಕೆ ಯಾರನ್ನೂ ದ್ವೇಷಿಸದಿರುವುದು, ಶತೀಲಾದ ಜೊತೆಗೆ ಹಮಾದ ಹೆಸರನ್ನೂ ಮಕ್ಕಳಿಗೆ ಹೇಳಿಕೊಡುವುದು ನಮ್ಮ ಮನೆಯೊಳಗೇ ಆಗಬೇಕಾದ ಕೆಲಸ. ಹಾಗೆಯೇ ಮಸೀದಿಯ ಕಮಿಟಿಯಿಂದ ಹಿಡಿದು ಶಾಲೆಯ ಆಡಳಿತ ಮಂಡಳಿಯವರೆಗೆ, ಹೊಣೆ ಹೊತ್ತವರು ಲೆಕ್ಕ ಒಪ್ಪಿಸದೆ ಕುರ್ಚಿ ಬದಲಿಸಿ ಮುಂದುವರಿಯುವ ಅಭ್ಯಾಸ ನಮ್ಮಲ್ಲೂ ಬೇರೂರದಂತೆ ನೋಡಿಕೊಳ್ಳಬೇಕು. ಹತ್ತಿರದವನನ್ನು ಪ್ರಶ್ನಿಸಲಾರದ ಸಮುದಾಯ ದೂರದ ದಂಡನಾಯಕನನ್ನು ಪ್ರಶ್ನಿಸಿದರೆ ಆ ಪ್ರಶ್ನೆಗೆ ತೂಕವಿರುವುದಿಲ್ಲ.

ಸಮವಸ್ತ್ರವನ್ನು ಕಳಚಬಹುದು, ಖಾತೆಯನ್ನು ಬದಲಿಸಬಹುದು, ಕಾನೂನನ್ನೂ ತಿದ್ದಿಸಬಹುದು. ಹೊಣೆಯನ್ನು ಕಳಚಲಾಗದು. ಅದನ್ನು ನೆನಪಿಸುತ್ತಲೇ ಇರುವುದು, ಯಾರ ವಿರುದ್ಧವೇ ಆಗಲಿ, ನ್ಯಾಯದ ಸಾಕ್ಷಿಗಳಾಗಿರಬೇಕೆಂಬ ಆದೇಶ ಪಡೆದ ಸಮುದಾಯದ ಕರ್ತವ್ಯ.